ತಪ್ಪು ಮಾಡುವ ಅಧಿಕಾರ

ಅವಿಭಕ್ತ ಕುಟುಂಬಗಳಲ್ಲಿ ಒಂದು ಬಗೆಯ ಯಜಮಾನರುಂಟು. ವಯಸ್ಸಿಗೆ ಬಂದ ಮಗನಿಗೆ ಅಂಗಡಿಯನ್ನು ವಹಿಸಿಕೊಟ್ಟೆನೆಂದು ನಾಲ್ಕು ಜನರ ಎದುರಿಗೆ ಹೇಳುತ್ತಾರೆ. ಬೀಗದ ಕೈಯನ್ನೂ ಕೊಡುತ್ತಾರೆ. ಆದರೆ ಗಲ್ಲಾಪೆಟ್ಟಿಗೆಯ ಇನ್ನೊಂದು ಬೀಗದ ಕೈ ಅವರ ಉಡಿದಾರದಲ್ಲಿಯೇ ಇರುತ್ತದೆ. ಮಗ ತರಿಸಿದ ಸರಕು ಸರಿಯಿಲ್ಲವೆಂದು ತೋರಿದ ದಿನ ನೇರವಾಗಿ ಬಂದು ಗಾದಿಯ ಮೇಲೆ ಕುಳಿತುಬಿಡುತ್ತಾರೆ. ಅವರ ಉದ್ದೇಶ ಕೆಟ್ಟದ್ದೆಂದು ಯಾರೂ ಹೇಳಲಾರರು. ಮನೆತನಕ್ಕೆ ನಷ್ಟವಾಗಬಾರದೆಂಬುದೇ ಅವರ ಕಾಳಜಿ. ಆದರೂ ತನಗೆ ದೊರೆತದ್ದು ಗುಮಾಸ್ತನ ಕೆಲಸವೇ ಹೊರತು ಯಜಮಾನಿಕೆಯಲ್ಲವೆಂಬುದು ಆ ದಿನ ಮಗನಿಗೆ ತಿಳಿದುಹೋಗುತ್ತದೆ.

ನಮ್ಮ ಒಕ್ಕೂಟದಲ್ಲಿ ಕೇಂದ್ರಕ್ಕೂ ರಾಜ್ಯಗಳಿಗೂ ಇರುವ ಸಂಬಂಧವನ್ನು ಸಾಮಾನ್ಯವಾಗಿ ಲೆಕ್ಕದ ಪುಸ್ತಕದ ಭಾಷೆಯಲ್ಲಿ ಚರ್ಚಿಸುವುದು ವಾಡಿಕೆ. ಯಾವ ತೆರಿಗೆ ಯಾರಿಗೆ, ಯಾವ ಇಲಾಖೆ ಯಾರದು, ಯಾವ ಮಸೂದೆಗೆ ಯಾರ ಒಪ್ಪಿಗೆ ಬೇಕು ಎಂಬ ಪ್ರಶ್ನೆಗಳು. ಇವೆಲ್ಲ ಬೇಕಾದ ಪ್ರಶ್ನೆಗಳೇ. ಆದರೆ ಇವುಗಳ ತಳದಲ್ಲಿ ಇನ್ನೊಂದು ಪ್ರಶ್ನೆಯಿದೆ. ಅದು ಕಾನೂನಿಗಿಂತ ಧರ್ಮವಿಚಾರಕ್ಕೆ ಸೇರಿದ್ದು. ಒಂದು ಜನಸಮುದಾಯಕ್ಕೆ ತನ್ನ ವ್ಯವಹಾರವನ್ನು ತಾನೇ ನೋಡಿಕೊಳ್ಳುವ ಅಧಿಕಾರವನ್ನು ಕೊಟ್ಟ ಮೇಲೆ, ಅದರಲ್ಲಿ ತಪ್ಪು ಮಾಡುವ ಅಧಿಕಾರವೂ ಸೇರಿದೆಯೇ? ಸೇರಿದ್ದರೆ ಎಷ್ಟರ ಮಟ್ಟಿಗೆ? ತಪ್ಪಾಯಿತೆಂದು ತೀರ್ಮಾನಿಸುವವರು ಯಾರು?

ಮೊದಲು ನಮ್ಮ ಏರ್ಪಾಡು ಹೇಗಾಯಿತೆಂಬುದನ್ನು ನೆನೆದುಕೊಳ್ಳೋಣ. 1946ರಲ್ಲಿ ಬ್ರಿಟಿಷ್ ಸಂಪುಟದ ನಿಯೋಗ ಇಲ್ಲಿಗೆ ಬಂದಾಗ ಅದು ಸೂಚಿಸಿದ ಕೇಂದ್ರ ಬಲು ಸಣ್ಣದು. ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ, ಈ ಮೂರು ಮತ್ತು ಇವುಗಳ ಖರ್ಚಿಗೆ ಬೇಕಾದ ಹಣ, ಇಷ್ಟೇ ಅದರ ಪಾಲು. ಮುಸ್ಲಿಂ ಬಹುಸಂಖ್ಯಾತ ಪ್ರಾಂತಗಳನ್ನು ಒಳಗೆ ಉಳಿಸಿಕೊಳ್ಳುವುದಕ್ಕಾಗಿ ಮಾಡಿದ ಏರ್ಪಾಡು ಅದು. 1947ರ ಜೂನ್‌ನಲ್ಲಿ ದೇಶವಿಭಜನೆ ನಿಶ್ಚಯವಾದೊಡನೆ ಆ ಕಾರಣವೂ ಹೋಯಿತು, ಆ ಯೋಜನೆಯೂ ಹೋಯಿತು. ನಿರಾಶ್ರಿತರು, ಗಲಭೆಗಳು, ಆಹಾರದ ಅಭಾವ, ಐದುನೂರಕ್ಕೂ ಮೀರಿದ ದೇಶೀಯ ಸಂಸ್ಥಾನಗಳು, ಇವುಗಳ ನಡುವೆ ಕುಳಿತು ರಾಜ್ಯಾಂಗವನ್ನು ಬರೆದವರಿಗೆ ದುರ್ಬಲ ಕೇಂದ್ರವೆಂದರೆ ಅಪಾಯವೆಂದು ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಆದುದರಿಂದ ಕೇಂದ್ರದ ಪಟ್ಟಿಯಲ್ಲಿ 97 ವಿಷಯಗಳು, ರಾಜ್ಯಗಳ ಪಟ್ಟಿಯಲ್ಲಿ 66, ಇಬ್ಬರಿಗೂ ಸೇರಿದ ಪಟ್ಟಿಯಲ್ಲಿ 47 ಎಂದು ಹಂಚಿಕೆಯಾಯಿತು. ಇಬ್ಬರಿಗೂ ಸೇರಿದ ವಿಷಯದಲ್ಲಿ ಎರಡು ಕಾನೂನುಗಳು ಡಿಕ್ಕಿಯಾದರೆ ಸಾಮಾನ್ಯವಾಗಿ ಕೇಂದ್ರದ ಮಾತೇ ನಿಲ್ಲುತ್ತದೆ. ಯಾವ ಪಟ್ಟಿಯಲ್ಲಿಯೂ ಇಲ್ಲದ ವಿಷಯವೂ ಕೇಂದ್ರಕ್ಕೇ. ಮುಂದೆ 1976ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ನಲವತ್ತೆರಡನೆಯ ತಿದ್ದುಪಡಿಯ ಮೂಲಕ ಶಿಕ್ಷಣ, ಅರಣ್ಯ ಮೊದಲಾದ ಐದು ವಿಷಯಗಳು ರಾಜ್ಯಗಳ ಪಟ್ಟಿಯಿಂದ ಇಬ್ಬರ ಪಟ್ಟಿಗೆ ವರ್ಗವಾದವು.

ಈ ಹಂಚಿಕೆಯ ಹಿಂದೆ ಒಂದು ಗಟ್ಟಿಯಾದ ವಾದವಿದೆ. ಅದನ್ನು ಅಲ್ಲಗಳೆಯುವ ಮೊದಲು ಸರಿಯಾಗಿ ಕೇಳಬೇಕು. ದೇಶದ ಹಣ ಸ್ವಲ್ಪ, ತಜ್ಞರು ಕೆಲವರು, ಕೆಲಸ ಅಪಾರ. ಒಂದೆಡೆ ಕುಳಿತು ದೇಶವನ್ನೆಲ್ಲ ನೋಡಬಲ್ಲವರು ಒಂದು ಒಳ್ಳೆಯ ಯೋಜನೆಯನ್ನು ಹಾಕಿದರೆ, ಅದನ್ನು ಎಲ್ಲರೂ ನಡೆಸಿಕೊಟ್ಟರೆ ಸಾಲದೆ? ಪ್ರತಿಯೊಂದು ರಾಜ್ಯವೂ ಎಡವಿ ಬಿದ್ದು ಕಲಿಯಲೆಂದರೆ, ಬಿದ್ದಾಗ ಪೆಟ್ಟಾಗುವುದು ಮಂತ್ರಿಗಳಿಗಲ್ಲ, ಬಡವರಿಗೆ. ಈ ಮಾತನ್ನು ನಗರಗಳ ವಿದ್ಯಾವಂತರ ಬಾಯಲ್ಲಿ ಮೇಲಿಂದ ಮೇಲೆ ಕೇಳುತ್ತೇವೆ. ಅದರಲ್ಲಿ ದಯೆಯೂ ಇದೆ, ವಿವೇಕವೂ ಇದೆ.

ಆದರೂ ಅದರಲ್ಲಿ ಒಂದು ಕೊರತೆಯುಂಟು. ಒಳ್ಳೆಯದು ಯಾವುದೆಂಬುದು ಮೊದಲೇ ತಿಳಿದಿದೆಯೆಂದು ಅದು ಭಾವಿಸುತ್ತದೆ. ಅನುಭವ ಹಾಗೆ ಹೇಳುವುದಿಲ್ಲ. ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕುವ ಪದ್ಧತಿಯನ್ನು 1950ರ ದಶಕದಲ್ಲಿ ಮದರಾಸಿನಲ್ಲಿ ಕಾಮರಾಜರು ಬೆಳೆಸಿದರು, 1982ರಲ್ಲಿ ಎಂ. ಜಿ. ರಾಮಚಂದ್ರನ್ ಅದನ್ನು ಬಹುವಾಗಿ ವಿಸ್ತರಿಸಿದರು. ದುಂದುವೆಚ್ಚವೆಂದು ಹಳಿದವರು ಆಗ ಇದ್ದರು. 2001ರಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳೂ ಶಾಲೆಗಳಲ್ಲಿ ಬೇಯಿಸಿದ ಊಟವನ್ನು ಕೊಡಬೇಕೆಂದು ಆದೇಶಿಸಿತು. ಮಹಾರಾಷ್ಟ್ರ 1970ರ ದಶಕದ ಆರಂಭದ ಬರಗಾಲದಲ್ಲಿ ಉದ್ಯೋಗ ಖಾತರಿಯ ಯೋಜನೆಯನ್ನು ಕೈಗೊಂಡು 1977ರಲ್ಲಿ ಅದಕ್ಕೆ ಶಾಸನದ ರೂಪ ಕೊಟ್ಟಿತು; ಅದೇ ತತ್ತ್ವ 2005ರಲ್ಲಿ ಪಾರ್ಲಿಮೆಂಟಿನ ಶಾಸನವಾಯಿತು. ಒಬ್ಬರ ದುಡುಕೆಂದು ಕಂಡದ್ದು ಕಾಲಾನಂತರ ಎಲ್ಲರ ನೀತಿಯಾದ ಉದಾಹರಣೆಗಳಿವು. ಅಮೆರಿಕದ ನ್ಯಾಯಾಧೀಶ ಬ್ರಾಂಡೈಸ್ 1932ರಲ್ಲಿ ಇಂಥದೇ ಮಾತನ್ನು ಹೇಳಿದ್ದರು: ಧೈರ್ಯವುಳ್ಳ ಒಂದು ರಾಜ್ಯ ತನ್ನ ಮಟ್ಟಿಗೆ ಹೊಸ ಪ್ರಯೋಗವನ್ನು ಮಾಡಿ ನೋಡಬಹುದು; ಕೆಟ್ಟರೆ ಉಳಿದವರಿಗೆ ಅಪಾಯವಿಲ್ಲ. ತಪ್ಪಬಹುದಾದವರಿಗೆ ಅವಕಾಶವೇ ಇಲ್ಲದಿದ್ದರೆ, ಸರಿಯಾದುದನ್ನು ಕಂಡುಹಿಡಿಯುವವರೂ ಇಲ್ಲದೆ ಹೋಗುತ್ತಾರೆ.

ಇದು ಪ್ರಯೋಜನದ ದೃಷ್ಟಿಯಿಂದ ಹೇಳಿದ ಮಾತು. ಧರ್ಮದ ದೃಷ್ಟಿಯಿಂದ ಇನ್ನೂ ಆಳವಾದ ಮಾತೊಂದಿದೆ. ಬಲವಂತದಿಂದ ಸತ್ಯ ನುಡಿದವನನ್ನು ನಾವು ಸತ್ಯವಂತನೆಂದು ಕರೆಯುವುದಿಲ್ಲ. ಸುಳ್ಳು ಹೇಳಲು ಅವಕಾಶವಿದ್ದೂ ಹೇಳದವನಿಗೆ ಆ ಹೆಸರು ಸಲ್ಲುತ್ತದೆ. ಜನಸಮುದಾಯದ ವಿಷಯದಲ್ಲಿಯೂ ಹೀಗೆಯೇ. ಒಂದು ನಾಡು ತನ್ನ ಪ್ರತಿನಿಧಿಗಳನ್ನು ತಾನೇ ಆರಿಸಿ, ಅವರು ಮಾಡಿದ್ದನ್ನು ಅನುಭವಿಸಿ, ಬೇಡವಾದರೆ ತಾನೇ ಕಿತ್ತೊಗೆದು ದೊಡ್ಡದಾಗುತ್ತದೆ. ಅನುಭವಿಸುವುದಕ್ಕೆ ಮೊದಲೇ ಯಾರೋ ಬಂದು ಕೈಹಿಡಿದು ಎಳೆದುಕೊಂಡರೆ ನಷ್ಟವೇನೋ ತಪ್ಪಬಹುದು. ಆದರೆ ಜನ ಎಂದೆಂದಿಗೂ ಮೈನರುಗಳಾಗಿಯೇ ಉಳಿಯುತ್ತಾರೆ.

ಈ ಪ್ರಶ್ನೆ ಮೊದಲು ತೀವ್ರವಾಗಿ ಕಾಣಿಸಿಕೊಂಡದ್ದು ಕೇರಳದಲ್ಲಿ. 1957ರ ಏಪ್ರಿಲ್‌ನಲ್ಲಿ ಇ. ಎಂ. ಎಸ್. ನಂಬೂದಿರಿಪಾಡರ ಸರ್ಕಾರ ಚುನಾವಣೆಯಲ್ಲಿ ಗೆದ್ದು ಬಂತು. ಭೂಸುಧಾರಣೆ, ಖಾಸಗಿ ಶಾಲೆಗಳ ಹತೋಟಿ, ಇವುಗಳ ವಿರುದ್ಧ ದೊಡ್ಡ ಚಳವಳಿ ನಡೆಯಿತು. 1959ರ ಜುಲೈ 31ರಂದು ಕೇಂದ್ರ ಆ ಸರ್ಕಾರವನ್ನು ವಜಾ ಮಾಡಿತು. ಶಾಸನಸಭೆಯಲ್ಲಿ ಅದಕ್ಕೆ ಬಹುಮತವಿತ್ತು. 1960ರ ಚುನಾವಣೆಯಲ್ಲಿ ಆ ಪಕ್ಷ ಸೋತಿತು. ಹಾಗಾದರೆ ದೆಹಲಿಯ ತೀರ್ಮಾನ ಸರಿಯೇ ಆಯಿತಲ್ಲ ಎಂದು ಕೇಳುವವರಿದ್ದಾರೆ. ಸರಿ, ಆದರೆ ಮತದಾರರಿಗೆ ಅವಧಿ ಮುಗಿದ ಮೇಲೆ ಅದೇ ತೀರ್ಪನ್ನು ಕೊಡುವ ಶಕ್ತಿ ಇರಲಿಲ್ಲವೆ? ಅದೇ ನಂಬೂದಿರಿಪಾಡರನ್ನು ಮುಖ್ಯಮಂತ್ರಿಯಾಗಿ ಮಾಡಿದ ಚುನಾವಣೆಯೂ 1967ರಲ್ಲಿ ಅಲ್ಲಿಯೇ ನಡೆಯಿತು. ಜನ ಬೇಡವೆಂದಾಗ ಬೇಡವೆನ್ನುವುದಕ್ಕೂ, ಬೇಕೆಂದಾಗ ಬೇಕೆನ್ನುವುದಕ್ಕೂ ಬಲ್ಲವರಾಗಿದ್ದರು.

ಕರ್ನಾಟಕಕ್ಕೆ ಈ ಅನುಭವ ಬಂದದ್ದು 1989ರಲ್ಲಿ. ಕೆಲವು ಶಾಸಕರು ಬೆಂಬಲವನ್ನು ಹಿಂತೆಗೆದುಕೊಂಡರೆಂಬ ಪತ್ರಗಳು ರಾಜ್ಯಪಾಲರಿಗೆ ತಲುಪಿದವು. ಅವರಲ್ಲಿ ಏಳು ಮಂದಿ ಆಮೇಲೆ ತಮ್ಮ ಮಾತನ್ನು ಹಿಂತೆಗೆದುಕೊಂಡರು. ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿಯವರು ಸಭೆಯಲ್ಲಿಯೇ ಬಲಾಬಲ ನೋಡಿಬಿಡೋಣವೆಂದರು. ಆ ಅವಕಾಶ ದೊರೆಯಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟದ್ದು 1994ರ ಮಾರ್ಚ್ 11ರಂದು. ಬೊಮ್ಮಾಯಿಯವರಿಗೆ ಅದರಿಂದ ಅಧಿಕಾರ ಮರಳಲಿಲ್ಲ. ಅಷ್ಟರಲ್ಲಿ ಚುನಾವಣೆ ನಡೆದು ಐದು ವರ್ಷ ಸಮೀಪಿಸಿತ್ತು. ಆದರೆ ಅವರ ಹೆಸರಿನ ಮೊಕದ್ದಮೆ ದೇಶಕ್ಕೆ ಒಂದು ನಿಯಮವನ್ನು ಕೊಟ್ಟಿತು. ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸಭೆಯಲ್ಲಿ, ರಾಜಭವನದಲ್ಲಲ್ಲ. ವಜಾ ಮಾಡಿದ ಕಾರಣಗಳನ್ನು ನ್ಯಾಯಾಲಯ ಪರೀಕ್ಷಿಸಬಹುದು. ಪಾರ್ಲಿಮೆಂಟಿನ ಎರಡೂ ಸಭೆಗಳು ಒಪ್ಪುವ ತನಕ ರಾಜ್ಯದ ಶಾಸನಸಭೆಯನ್ನು ವಿಸರ್ಜಿಸಕೂಡದು. ರಾಜ್ಯಾಂಗ ರಚನೆಯ ಕಾಲದಲ್ಲಿ ಡಾ. ಅಂಬೇಡ್ಕರರು ಈ ವಿಧಿ ಬಳಕೆಗೇ ಬಾರದೆ ಹಾಳೆಯ ಮೇಲೆ ಉಳಿಯಲೆಂದು ಹಾರೈಸಿದ್ದರು. ಅದು ನೂರಕ್ಕೂ ಹೆಚ್ಚು ಸಲ ಬಳಕೆಯಾಗಿದೆ. 1994ರ ತೀರ್ಪಿನ ಅನಂತರ ಮಾತ್ರ ಅದರ ವೇಗ ಕುಗ್ಗಿತು.

ಇಲ್ಲಿಯವರೆಗೆ ವಾದ ಸುಗಮವಾಗಿ ಸಾಗಿತು. ಆದರೆ ತಪ್ಪು ಮಾಡುವ ಅಧಿಕಾರವನ್ನು ಮೇರೆಯಿಲ್ಲದೆ ಒಪ್ಪಿಕೊಂಡರೆ ಎಲ್ಲಿಗೆ ಹೋಗಿ ಮುಟ್ಟುತ್ತೇವೆಂಬುದನ್ನೂ ನೋಡಬೇಕು. ಅಮೆರಿಕದ ದಕ್ಷಿಣದ ರಾಜ್ಯಗಳು ಮೊದಲು ಗುಲಾಮಗಿರಿಯನ್ನೂ ಆಮೇಲೆ ವರ್ಣಭೇದವನ್ನೂ ಕಾಪಾಡಿಕೊಂಡದ್ದು ರಾಜ್ಯಗಳ ಹಕ್ಕು ಎಂಬ ಹೆಸರಿನಲ್ಲಿಯೇ. 1957ರ ಸೆಪ್ಟೆಂಬರ್‌ನಲ್ಲಿ ಅರ್ಕನ್ಸಾ ರಾಜ್ಯದ ಲಿಟ್ಲ್ ರಾಕ್ ಊರಿನಲ್ಲಿ ಒಂಬತ್ತು ಮಂದಿ ಕರಿಯ ವಿದ್ಯಾರ್ಥಿಗಳು ಬಿಳಿಯರ ಶಾಲೆಗೆ ಹೋಗಲು ಬಂದಾಗ ಆ ರಾಜ್ಯದ ಗವರ್ನರ್ ಬಂದೂಕಿನ ಪಡೆಯನ್ನು ಅಡ್ಡ ನಿಲ್ಲಿಸಿದ. ಅಧ್ಯಕ್ಷ ಐಸೆನ್‌ಹೋವರ್ ದೇಶದ ಸೈನ್ಯವನ್ನು ಕಳಿಸಿ ಆ ಮಕ್ಕಳನ್ನು ಶಾಲೆಯ ಒಳಗೆ ಬಿಡಿಸಬೇಕಾಯಿತು. ಆ ಗವರ್ನರನ ಹಿಂದೆ ಮತದಾರರಿದ್ದರೆಂಬುದು ನಿಜ. ಅಂದು ಕೇಂದ್ರ ಸುಮ್ಮನಿದ್ದಿದ್ದರೆ ಅದು ಒಕ್ಕೂಟದ ಧರ್ಮವನ್ನು ಪಾಲಿಸಿತೆಂದು ಯಾರೂ ಹೊಗಳುತ್ತಿರಲಿಲ್ಲ.

ನಮ್ಮಲ್ಲಿ ಈ ಅಪಾಯವನ್ನು ಸ್ಪಷ್ಟವಾಗಿ ಕಂಡವರು ಅಂಬೇಡ್ಕರರೇ. 1948ರ ನವೆಂಬರ್‌ನಲ್ಲಿ ಕರಡು ರಾಜ್ಯಾಂಗವನ್ನು ಮಂಡಿಸುತ್ತ, ಹಳ್ಳಿಯೇ ರಾಜ್ಯದ ಬುನಾದಿಯಾಗಬೇಕೆಂಬವರಿಗೆ ಅವರು ಕಟುವಾಗಿ ಉತ್ತರ ಕೊಟ್ಟರು. ಹತ್ತಿರದ ಆಳ್ವಿಕೆ ಎಲ್ಲರಿಗೂ ಹಿತವಲ್ಲ; ಕೇರಿಯಲ್ಲಿ ಬಾಳುವವನಿಗೆ ಊರಿನ ಪಟೇಲನಿಗಿಂತ ದೂರದ ಕಾನೂನೇ ಹೆಚ್ಚು ಆಸರೆಯಾಗಬಹುದು. ಅಸ್ಪೃಶ್ಯತೆಯ ನಿಷೇಧವನ್ನು ಯಾವ ರಾಜ್ಯದ ಇಷ್ಟಕ್ಕೂ ಬಿಡದೆ ಮೂಲಭೂತ ಹಕ್ಕುಗಳಲ್ಲಿ ಸೇರಿಸಿದ್ದು ಈ ಅರಿವಿನಿಂದಲೇ.

ಆದುದರಿಂದ ತಪ್ಪುಗಳಲ್ಲಿ ಬಗೆಗಳನ್ನು ಎಣಿಸಬೇಕಾಗುತ್ತದೆ. ಮಾಡಿದವರೇ ಅನುಭವಿಸಿ, ತಿದ್ದಿಕೊಳ್ಳಬಹುದಾದ ತಪ್ಪು ಒಂದು. ಅನವಶ್ಯಕವಾದ ಸೇತುವೆ, ಸೋತುಹೋದ ಬೆಳೆಯ ಯೋಜನೆ, ಬೊಕ್ಕಸಕ್ಕೆ ಭಾರವಾದ ರಿಯಾಯಿತಿ, ಇವೆಲ್ಲ ಈ ಜಾತಿಯವು. ಇವುಗಳಿಗೆ ಮತಪೆಟ್ಟಿಗೆಯೇ ಮದ್ದು. ತಪ್ಪಿನ ಪೆಟ್ಟು ಮಾತನಾಡಲು ಬಲವಿಲ್ಲದ ಅಲ್ಪಸಂಖ್ಯೆಯ ಜನರ ಮೇಲೆ ಬೀಳುವುದು ಎರಡನೆಯದು. ಮಾಡಿದವರು ಅದನ್ನು ಅನುಭವಿಸುವುದೇ ಇಲ್ಲವಾದ್ದರಿಂದ ಅವರು ಅದರಿಂದ ಕಲಿಯುವುದೂ ಇಲ್ಲ. ಅಲ್ಲಿ ಮೇಲಿನವರು ಅಡ್ಡ ಬರುವುದು ಕರ್ತವ್ಯ.

ಮೂರನೆಯದು ನೆರೆಯ ರಾಜ್ಯದ ಮೇಲೆ ಬೀಳುವ ಪೆಟ್ಟು. ಕಾವೇರಿಯ ವಿಚಾರದಲ್ಲಿ ಇದು ನಮಗೆ ಚೆನ್ನಾಗಿ ಗೊತ್ತು. 1924ರ ಒಪ್ಪಂದದ ಅನಂತರ ಬೆಳೆದ ವ್ಯಾಜ್ಯವನ್ನು 1990ರಲ್ಲಿ ನೇಮಕವಾದ ನ್ಯಾಯಮಂಡಲಿ ವಿಚಾರಿಸಿ 2007ರಲ್ಲಿ ಕರ್ನಾಟಕಕ್ಕೆ 270 ಟಿಎಂಸಿ, ತಮಿಳುನಾಡಿಗೆ 419 ಟಿಎಂಸಿ ಎಂದು ಹಂಚಿತು. 2018ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಪಾಲನ್ನು 284.75ಕ್ಕೆ ಏರಿಸಿ ತಮಿಳುನಾಡಿನದನ್ನು 404.25ಕ್ಕೆ ಇಳಿಸಿತು. ಇಬ್ಬರೂ ಪೂರ್ತಿ ಸಂತೋಷಪಡಲಿಲ್ಲ. ಆದರೆ ಒಂದೇ ನದಿಯ ಮೇಲೆ ಇಬ್ಬರೂ ತಮ್ಮ ತಮ್ಮ ಮೊಕದ್ದಮೆಗೆ ತಾವೇ ನ್ಯಾಯಾಧೀಶರಾಗುವಂತಿಲ್ಲವೆಂಬುದನ್ನು ಅಲ್ಲಗಳೆಯಲಾಗದು.

ಇಲ್ಲಿ ಒಂದು ತೊಡಕಿದೆ. ಸ್ವಲ್ಪ ಜಾಣತನವಿದ್ದರೆ ಯಾವ ತಪ್ಪನ್ನಾದರೂ ಎರಡನೆಯ ಮೂರನೆಯ ಬಗೆಗೆ ಸೇರಿಸಿಬಿಡಬಹುದು. ದೀನರ ರಕ್ಷಣೆಗೆ, ದೇಶದ ಐಕ್ಯಕ್ಕೆ ಎಂದು ಹೇಳಿ ಎದುರು ಪಕ್ಷದ ಸರ್ಕಾರವನ್ನು ಇಳಿಸುವುದು ಕಷ್ಟವಲ್ಲ. ಬೇಲಿಯೇ ಎದ್ದು ಹೊಲ ಮೇಯುವ ಭಯ ಕೇಂದ್ರದ ವಿಷಯದಲ್ಲಿಯೂ ಉಂಟು. ಆದುದರಿಂದ ಅಡ್ಡ ಬರುವವರಿಗೂ ಕಟ್ಟು ಬೇಕು: ಕಾರಣವನ್ನು ಬಹಿರಂಗವಾಗಿ ಹೇಳಬೇಕು, ಆಧಾರವನ್ನು ತೋರಿಸಬೇಕು, ಅದನ್ನು ತೂಗುವವನು ಜಗಳದಲ್ಲಿ ಪಾಲುದಾರನಾಗಿರಬಾರದು. ಬೊಮ್ಮಾಯಿ ಮೊಕದ್ದಮೆಯ ತಿರುಳು ಇದೇ ಎಂದು ನನಗೆ ತೋರುತ್ತದೆ. ಅದೇ ತೀರ್ಪು, ಬಾಬರಿ ಮಸೀದಿಯ ಧ್ವಂಸದ ಅನಂತರ 1992ರ ಡಿಸೆಂಬರ್‌ನಲ್ಲಿ ಮೂರು ರಾಜ್ಯ ಸರ್ಕಾರಗಳನ್ನು ವಜಾ ಮಾಡಿದ್ದನ್ನು ಎತ್ತಿಹಿಡಿಯಿತೆಂಬುದನ್ನೂ ಮರೆಯಬಾರದು. ಅಧಿಕಾರವಿದೆ, ಆದರೆ ಲೆಕ್ಕ ಒಪ್ಪಿಸಬೇಕು ಎಂಬುದು ಅದರ ಸಾರ.

ಇನ್ನು ಹಣದ ಮಾತು. ತನ್ನದೆಂಬ ಹಣವಿಲ್ಲದವನಿಗೆ ತಪ್ಪು ಮಾಡುವ ಸ್ವಾತಂತ್ರ್ಯವೂ ಇಲ್ಲ, ಸರಿ ಮಾಡುವ ಸ್ವಾತಂತ್ರ್ಯವೂ ಇಲ್ಲ. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ರಾಜ್ಯಗಳು ಮದ್ಯ, ಪೆಟ್ರೋಲು, ಮುದ್ರಾಂಕ, ವಾಹನ ಮುಂತಾದ ಕೆಲವು ತೆರಿಗೆಗಳನ್ನು ಬಿಟ್ಟು ಉಳಿದುದನ್ನು ಒಂದೇ ಹುಂಡಿಗೆ ಹಾಕಿದವು. ಅದರ ಮಂಡಲಿಯಲ್ಲಿ ಕೇಂದ್ರದ ಮತಕ್ಕೆ ಮೂರರಲ್ಲೊಂದು ತೂಕ, ಎಲ್ಲ ರಾಜ್ಯಗಳದೂ ಸೇರಿ ಮೂರರಲ್ಲೆರಡು. ತೀರ್ಮಾನಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಎಂದರೆ ರಾಜ್ಯಗಳೆಲ್ಲ ಒಂದಾದರೂ ಕೇಂದ್ರವಿಲ್ಲದೆ ಏನೂ ನಡೆಯದು. ರಾಜ್ಯಗಳ ಬೆಂಬಲವಿಲ್ಲದೆ ಕೇಂದ್ರವೂ ನಡೆಸಲಾರದು. ಮಂಡಲಿಯ ಶಿಫಾರಸುಗಳು ಕಟ್ಟುಪಾಡಲ್ಲವೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. ವ್ಯಾಪಾರಕ್ಕೆ ಇದರಿಂದ ಅನುಕೂಲವಾಯಿತೆಂಬುದು ನಿಜ. ಆದರೆ ಒಂದು ತೆರಿಗೆ ಹೆಚ್ಚಿದರೆ ಬೈಯಬೇಕಾದದ್ದು ಯಾರನ್ನು ಎಂಬುದು ಗ್ರಾಹಕನಿಗೆ ತಿಳಿಯದೆ ಹೋಗುತ್ತದೆ. ದೆಹಲಿ ಮಂಡಲಿಯನ್ನು ತೋರಿಸುತ್ತದೆ, ರಾಜ್ಯ ದೆಹಲಿಯನ್ನು ತೋರಿಸುತ್ತದೆ. ಇಬ್ಬರಿಗೂ ಸೇರಿದ ಅಧಿಕಾರದಲ್ಲಿ ಹೊಣೆ ಯಾರಿಗೂ ಸೇರದೆ ಹೋಗಬಹುದೆಂಬ ಭಯ ಇದು.

ಹಣದ ಹಂಚಿಕೆಯಲ್ಲಿ ಕರ್ನಾಟಕದ ದೂರೂ ಇದೆ. ಹದಿನಾಲ್ಕನೆಯ ಹಣಕಾಸು ಆಯೋಗ ರಾಜ್ಯಗಳ ಪಾಲಿನಲ್ಲಿ ಕರ್ನಾಟಕಕ್ಕೆ ನೂರಕ್ಕೆ 4.713ರಷ್ಟು ಕೊಟ್ಟಿತ್ತು, ಹದಿನೈದನೆಯದು, 2021ರಿಂದ 2026ರ ಅವಧಿಗೆ, ಅದನ್ನು 3.647ಕ್ಕೆ ಇಳಿಸಿತು. ಇಳಿಕೆ ದೊಡ್ಡದು, ಅಳೆದ ಮಾನದಂಡವನ್ನು ಪ್ರಶ್ನಿಸುವುದು ನ್ಯಾಯ. ಆದರೆ ನಮ್ಮ ದುಡ್ಡು ನಮಗೇ ಇರಲಿ ಎಂಬ ಮಾತನ್ನು ಕೊನೆಯವರೆಗೆ ಎಳೆದರೆ ಬೆಂಗಳೂರು ರಾಯಚೂರಿಗೆ, ಯಾದಗಿರಿಗೆ ಕೊಡುವುದೂ ತಪ್ಪಾಗಬೇಕಾಗುತ್ತದೆ. ಹಾಗೆ ನಾವು ಹೇಳುವುದಿಲ್ಲ. ಹಿಂದುಳಿದ ಆ ಜಿಲ್ಲೆಗಳಿಗಾಗಿ 2012ರಲ್ಲಿ ಪಾರ್ಲಿಮೆಂಟು ರಾಜ್ಯಾಂಗಕ್ಕೆ 371ಜೆ ವಿಧಿಯನ್ನು ಸೇರಿಸಿದಾಗ ಕನ್ನಡನಾಡು ಸಂತೋಷಪಟ್ಟಿತು. ಕೊಡುವುದನ್ನು ಒಪ್ಪಿಕೊಂಡೂ ಕೊಡುವ ಅಳತೆಯ ವಿಷಯದಲ್ಲಿ ನ್ಯಾಯ ಕೇಳಬಹುದು. ಒಕ್ಕೂಟದ ಸದಸ್ಯನಿಗೆ ಒಪ್ಪುವ ಭಾಷೆ ಅದು.

ಕೊನೆಯದಾಗಿ ಒಂದು ಮಾತನ್ನು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಮೇಲಿನವರಿಂದ ಕೇಳುವ ವಿಶ್ವಾಸವನ್ನು ಕೆಳಗಿನವರಿಗೆ ನಾವು ಕೊಟ್ಟಿದ್ದೇವೆಯೇ? ಒಂದು ಕಾಲಕ್ಕೆ ಕರ್ನಾಟಕ ಈ ವಿಷಯದಲ್ಲಿ ದೇಶಕ್ಕೇ ಮಾದರಿಯಾಗಿತ್ತು. ರಾಮಕೃಷ್ಣ ಹೆಗಡೆಯವರ ಮಂತ್ರಿಮಂಡಲದಲ್ಲಿ ಅಬ್ದುಲ್ ನಜೀರ್ ಸಾಬರು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ 1983ರ ಶಾಸನವನ್ನು ತಂದರು. 1987ರಲ್ಲಿ ಚುನಾವಣೆ ನಡೆದು ಕಾಲುಭಾಗ ಸ್ಥಾನಗಳು ಹೆಂಗಸರಿಗೆ ಮೀಸಲಾದವು. ದೇಶದ ಎಪ್ಪತ್ತಮೂರನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬರುವ ಮೊದಲೇ ನಡೆದ ಮಾತಿದು. ಅದೇ ನಾಡಿನಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ; 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೂ ನಾಲ್ಕು ವರ್ಷ ಕಳೆಯುವವರೆಗೆ ಅದೇ ಗತಿಯಾಯಿತು. ಆಡಳಿತಾಧಿಕಾರಿಗಳು ನಡೆಸಿಕೊಂಡು ಹೋದರು. ಈ ಅವಧಿಯಲ್ಲಿ ವಿಧಾನಸೌಧದಲ್ಲಿ ಕುಳಿತ ಪಕ್ಷ ಒಂದೇ ಅಲ್ಲ. ದೆಹಲಿಯ ಅನ್ಯಾಯವನ್ನು ಕುರಿತು ಮಾತನಾಡಿದವರೂ ಅವರಲ್ಲಿದ್ದರು.

ಇದಕ್ಕೆ ರಾಜಕಾರಣಿಗಳನ್ನು ಮಾತ್ರ ದೂರಿದರೆ ಸಾಲದು. ಕಾರ್ಪೊರೇಟರುಗಳು ಬರೀ ಲಂಚಕೋರರು, ಒಬ್ಬ ಒಳ್ಳೆಯ ಅಧಿಕಾರಿ ಇದ್ದರೆ ಊರು ನೆಟ್ಟಗಾಗುತ್ತದೆ ಎಂದು ನಗರದ ವಿದ್ಯಾವಂತರಲ್ಲಿ ಅನೇಕರು ಹೇಳುತ್ತಾರೆ. ರಾಜ್ಯಗಳ ವಿಷಯದಲ್ಲಿ ದೆಹಲಿ ಹೇಳುವುದೂ ಇದನ್ನೇ ಅಲ್ಲವೆ? ಭಾರತೀಯರ ವಿಷಯದಲ್ಲಿ ಹಿಂದೆ ಇಂಗ್ಲಿಷರು ಹೇಳುತ್ತಿದ್ದುದೂ ಇದನ್ನೇ. ವಾದ ಅದೇ, ಆಸನ ಮಾತ್ರ ಬೇರೆ. ನಮ್ಮ ವಾರ್ಡಿನ ಚರಂಡಿಯ ವಿಷಯದಲ್ಲಿ ನಮ್ಮ ನೆರೆಯವರು ಆರಿಸಿದವರನ್ನು ನಂಬದ ನಾವು, ನಮ್ಮ ರಾಜ್ಯವನ್ನು ನಂಬಿರೆಂದು ದೇಶವನ್ನು ಯಾವ ಮುಖದಿಂದ ಕೇಳುವುದು? ಆರಿಸಿ ಬಂದವರು ಕೆಟ್ಟವರಾದರೆ ಮುಂದಿನ ಸಲ ಇಳಿಸುವ ಕೆಲಸ ನಮ್ಮದು. ಆ ಕೆಲಸವನ್ನು ಬೇಸರವೆಂದು ಬಿಟ್ಟುಕೊಟ್ಟವರು ಮೇಲಿನವರು ಬಂದು ಗಾದಿಯ ಮೇಲೆ ಕುಳಿತಾಗ ದೂರುವ ಹಕ್ಕನ್ನೂ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತಾರೆ.

ಅಧಿಕಾರದ ಹಂಚಿಕೆಯನ್ನು ರಾಜ್ಯಾಂಗದ ಪಟ್ಟಿಗಳು ಬರೆದು ತೋರಿಸಬಲ್ಲವು. ನ್ಯಾಯಾಲಯಗಳು ಅದರ ಗಡಿಯನ್ನು ಕಾಯಬಲ್ಲವು. ತಪ್ಪಬಹುದೆಂದು ತಿಳಿದೂ ಇನ್ನೊಬ್ಬರ ಕೈಗೆ ಕೆಲಸವನ್ನು ಒಪ್ಪಿಸುವ ಮನಸ್ಸನ್ನು ಮಾತ್ರ ಅವು ತಂದುಕೊಡಲಾರವು. ಅದನ್ನು ಮೊದಲು ನಮ್ಮ ಊರಿನಲ್ಲಿ, ನಮ್ಮ ವಾರ್ಡಿನಲ್ಲಿ ನಾವೇ ಅಭ್ಯಾಸ ಮಾಡಿಕೊಳ್ಳಬೇಕು.